ಕೈಯ ಕರೆಂಟು

ಭಾನುವಾರ ಇವರಿಗೆ ರಜೆ ಸಿಕ್ಕಿದ್ದೇ ದೊಡ್ಡದು.
ಹದಿನಾರು ವರ್ಷ ಸ್ಟೇಟ್‌ಬ್ಯಾಂಕಿನಿಂದ ಊರಿಗೆಲ್ಲ ಟಿಕೆಟು ಹರಿದವರು
ಇವತ್ತು ಬೇರೆಯವರ ಬಸ್ಸಿನಲ್ಲಿ, ಕಿಟಕಿ ಬದಿಗೆ,
ಮೈದುನನ ಮದುವೆಗೆ ಹೊಲಿಸಿದ ಪ್ಯಾಂಟು ಹಾಕಿ
ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಕೂತಿದ್ದಾರೆ.
ಕಂಡಕ್ಟರ್ ಹುಡುಗ ದುಡ್ಡು ಮುಟ್ಟಲಿಲ್ಲ:
"ಲೋಲಾಕ್ಷಣ್ಣ, ನಿಮ್ಮತ್ರ ತಗೊಳ್ಳುದಾ?"
ನಂತೂರು, ಕುಲಶೇಖರ, ವಾಮಂಜೂರು.
ಒಂದೊಂದು ಸ್ಟಾಪಿಗೂ ಇವರ ಗಂಟಲಮಣಿ
ಮೇಲೆ ಬಂದು ಕೆಳಗಿಳಿಯುತ್ತದೆ.
ಕೂಗದೆ ನುಂಗುತ್ತಾರೆ ಊರಿನ ಹೆಸರು.

ಪಿಲಿಕುಳದ ವಿಜ್ಞಾನ ಕೇಂದ್ರ.
ಶಾಲೆಯವರು ಕರೆದುಕೊಂಡು ಹೋದ ದಿನ ಪ್ರಾಪ್ತಿಗೆ ಜ್ವರ,
ಅಂದಿನಿಂದ ಅವಳದು ಒಂದೇ ರಾಗ.
ಗೇಟಿನಲ್ಲಿ ನಿಂತು ಲೆಕ್ಕ ಹಾಕಿದೆ:
ಐದು ಟಿಕೆಟು ಅಂದರೆ ಎಷ್ಟು ಸಾವಿರ ಬೀಡಿ?
ಲೆಕ್ಕ ಮುಗಿಯುವ ಮೊದಲೇ ತನುಷ್ ಒಳಗೆ ಓಡಿದ.
ಅತ್ತೆ ವಕ್ರ ಕನ್ನಡಿಯೆದುರು ನಿಂತವರು ಕದಲಲಿಲ್ಲ.
"ಇದರಲ್ಲಿ ನಾನು ಸಪೂರ ಉಂಟು, ನೋಡು,
ಹದಿನೆಂಟರಲ್ಲಿ ಇದ್ದ ಹಾಗೆ.
ನೀವು ಹೋಗಿ ಬನ್ನಿ."

ಒಳಗೊಂದು ಮೇಜು.
ಎಡಕ್ಕೆ ತಾಮ್ರದ ತಗಡು, ಬಲಕ್ಕೆ ಅಲ್ಯುಮಿನಿಯಂ,
ನಡುವೆ ಗಾಜಿನೊಳಗೊಂದು ಮುಳ್ಳು.
ಎರಡೂ ಅಂಗೈ ಊರಿದರೆ ಮೈಯೇ ಬ್ಯಾಟರಿಯಂತೆ.
ಇವರು ಊರಿದರು. ಮುಳ್ಳು ಚಂಗನೆ ಹಾರಿತು.
ಬೆವರಿನ ಉಪ್ಪು, ವಿವರಿಸಿದಳು ನೀಲಿ ಕೋಟಿನ ಹುಡುಗಿ.
ಚಿಲ್ಲರೆ ಎಣಿಸಿ ಎಣಿಸಿ, ಬಸ್ಸಿಗೆ ಜೋತು ಜೋತು
ಬೆರಳ ಸಂದಿಯಲ್ಲಿ ಕಬ್ಬಿಣದ ವಾಸನೆ ಕೂತ ಕೈ.
ಊಟಕ್ಕೆ ಮುಂಚೆ ಸೋಪು ಹಾಕಿ ಅಂತ ದಿನಾ ಬೈಸಿಕೊಳ್ಳುವ ಕೈ.

ನನ್ನದು ಊರಿದೆ. ಮುಳ್ಳು ಮಲಗಿಯೇ ಇತ್ತು.
ಒತ್ತಿದೆ. ಇನ್ನೂ ಒತ್ತಿದೆ.
ಹಿಂದೆ ಸಾಲಿನಲ್ಲಿ ಯಾರೋ ನಕ್ಕರು.
ಹದಿನಾಲ್ಕರ ವಯಸ್ಸಿನಿಂದ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ,
ನೂಲು ಸುತ್ತಿದ ಅಂಗೈ;
ಎಲೆ ಯಾವುದು, ತೊಗಲು ಯಾವುದು, ಅದಕ್ಕೇ ಮರೆತಿದೆ.
ದಿನವೂ ಎಲೆ ನೆನೆಸಿಡುವ ನೆನಪುಂಟು,
ಕೈಯ ನೆನಪಿಲ್ಲ.
"ನನ್ನಲ್ಲಿ ಕರೆಂಟಿಲ್ಲ" ಅಂದೆ, ನಗುವ ಹಾಗೆ,
ಕೈ ತೆಗೆದು ಶಾಲಿನಡಿ ಇಟ್ಟುಕೊಂಡೆ.

ಪ್ರಾಪ್ತಿ ಮಾತಾಡಲಿಲ್ಲ. ನೀರಿನ ಬಾಟ್ಲಿ ಬಿಚ್ಚಿ
ನನ್ನ ಕೈ ಎಳೆದು, ಮಗುವಿನ ಮುಖ ತೊಳೆವಂತೆ
ನಿಧಾನ ಒದ್ದೆ ಮಾಡಿದಳು, ಒಂದೊಂದು ಬೆರಳಿಗೂ.
"ಈಗ ಇಡಮ್ಮ."

ಮುಳ್ಳು ಎದ್ದಿತು.
ಇವರದಕ್ಕಿಂತ ಎರಡು ಗೆರೆ ಹೆಚ್ಚು. ನಾನು ಎಣಿಸಿದ್ದೇನೆ.

ಆಮೇಲೆ ಒಂದು ಆಟ: ಒಬ್ಬರು ತಾಮ್ರ, ಒಬ್ಬರು ಅಲ್ಯುಮಿನಿಯಂ,
ಉಳಿದ ಕೈ ಕೈ ಹಿಡಿಯಬೇಕು.
ಧಾರೆಯ ನೀರು ಬಿದ್ದ ದಿನ ಬಿಟ್ಟರೆ
ನಾಲ್ಕು ಜನರೆದುರು ಇವರು ನನ್ನ ಕೈ ಹಿಡಿದದ್ದು ಇದೇ.
ಆವತ್ತೂ ಕೈ ಒದ್ದೆಯಿತ್ತು.
"ಹೀಗೆ ಮಾಡಿದ್ರೆ ಕರೆಂಟು ಕಮ್ಮಿ ಆಗ್ತದೆ," ಅಂದಳು ಹುಡುಗಿ,
"ಜನ ಹೆಚ್ಚಾದಷ್ಟು ತಡೆ ಜಾಸ್ತಿ."
ಹೌದು, ಕಮ್ಮಿಯಾಯಿತು.
ತನುಷ್ ನಡುವೆ ನುಗ್ಗಿದ, ಇನ್ನೂ ಕಮ್ಮಿ.
ಪ್ರಾಪ್ತಿಯೂ ಸೇರಿದಳು.
ಸೊನ್ನೆಯ ಪಕ್ಕದಲ್ಲೇ ಮುಳ್ಳು ನಡುಗುತ್ತಾ,
ಸೊನ್ನೆಗೆ ಮಾತ್ರ ಬೀಳದೆ.

ಸಾಲಿನವರು "ಬೇಗ, ಬೇಗ" ಅಂದರು.
ಇವರ ಬಾಯಿಂದ ತಡೆಯದೆ "ರೈಟ್, ಪೋಯಿ!" ಬಂದುಬಿಟ್ಟಿತು,
ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.
ಕೈ ಬಿಡುವುದು ನಮಗೆ ಮರೆತಿತ್ತು.

ರಾತ್ರಿ, ಗೆರಸೆ ತೊಡೆಯ ಮೇಲೆ,
ನಾಳೆಯ ಸಾವಿರಕ್ಕೆ ಇನ್ನೂರು ಬಾಕಿ ಇರುವಾಗ
ಕರೆಂಟು ಹೋಯಿತು.
ಕತ್ತಲಲ್ಲಿ ತನುಷನ ಸ್ವರ:
"ಅಮ್ಮಾ, ಕೈ ಒದ್ದೆ ಮಾಡು!"
ಅತ್ತೆ ಬೆಂಕಿಪೊಟ್ಟಣ ತಡಕುತ್ತಾ ಗೊಣಗುತ್ತಿದ್ದರು:
ಆ ಕನ್ನಡಿ ಎಲ್ಲಿ ಸಿಗ್ತದೆ ಅಂತ
ಒಂದು ಮಾತು ಕೇಳಿ ಬರಬೇಕಿತ್ತು.